ಟುಟಂಖಾಮನ್‌ನ ಚಿನ್ನವೋ, ಸುಸೆನ್ನೆಸ್‌ನ ಬೆಳ್ಳಿಯೋ?

ಈಜಿಪ್ಟಿನ ರಾಜರ ಗೋರಿಗಳಲ್ಲಿ ಸಿಕ್ಕ ಒಡವೆ ನೋಡಬೇಕೆಂದರೆ ಕೈರೋದಲ್ಲಿ ಈಗ ಎರಡು ಜಾಗ. ಒಂದು, ಗಿಜಾದ ಪಿರಮಿಡ್‌ಗಳ ಪಕ್ಕ 2025ರ ನವೆಂಬರ್‌ನಲ್ಲಿ ಪೂರ್ತಿಯಾಗಿ ತೆರೆದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ. ಇನ್ನೊಂದು, ತಹ್ರೀರ್ ಚೌಕದಲ್ಲಿ 1902ರಿಂದ ಇರುವ ಹಳೇ ಮ್ಯೂಸಿಯಂ. ಮೊದಲ ದಿನ ಗಿಜಾ, ಮರುದಿನ ತಹ್ರೀರ್ ನೋಡಿದೆ. ಈ ಸರದಿಯಲ್ಲೇ ನಾನು ಎಡವಿದ್ದು.

ಗಿಜಾದಲ್ಲಿರುವುದು ಹುಡುಗ ರಾಜ ಟುಟಂಖಾಮನ್‌ನ ಒಡವೆ. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್‌ಗೆ ಸಿಕ್ಕ ಗೋರಿಯ 5,000ಕ್ಕೂ ಹೆಚ್ಚು ವಸ್ತುಗಳಿಗೆ ಈಗ ಒಂದೇ ಸೂರು. ಹತ್ತು ಕಿಲೋ ದಾಟುವ ಚಿನ್ನದ ಮುಖವಾಡದ ಸುತ್ತ ಮದುವೆ ಮನೆಯ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಜನ. ನಿಜ ಹೇಳಬೇಕೆಂದರೆ ನಾನು ಮುಖಕ್ಕಿಂತ ಜಾಸ್ತಿ ನೋಡಿದ್ದು ಮುಂದಿನವರ ತಲೆ.

ಆದರೆ ಆ ಮರದ ಚಪ್ಪಲಿ! ಅಂಗಾಲು ಇಡುವ ಕಡೆ ಕೈಕಟ್ಟಿದ ಶತ್ರುಗಳ ಚಿತ್ರ. ರಾಜ ಸುಮ್ನೆ ನಡೆದರೂ ಅವರನ್ನು ತುಳಿದ ಹಾಗೆ. ಹತ್ತಿರದಲ್ಲೇ ಅವನು ಚಿಕ್ಕವನಿದ್ದಾಗ ಕೂತಿದ್ದ ಪುಟ್ಟ ಕುರ್ಚಿ. ಪಟ್ಟಕ್ಕೆ ಬಂದಾಗ ಹುಡುಗನಿಗೆ ಎಂಟೊಂಬತ್ತು ವರ್ಷ ಅಷ್ಟೇ. ಅಲ್ಲಿಂದ ಕದಲಲು ನನಗೆ ಮನಸ್ಸೇ ಬರಲಿಲ್ಲ.

ತಹ್ರೀರ್‌ನಲ್ಲಿ ನಾನು ಹುಡುಕಿದ್ದು, ನೈಲ್ ನದಿಯ ಡೆಲ್ಟಾದಲ್ಲಿರುವ ಹಳೇ ರಾಜಧಾನಿ ಟ್ಯಾನಿಸ್‌ನ ಗೋರಿಗಳಲ್ಲಿ ಸಿಕ್ಕ ಒಡವೆ. ಸುಸೆನ್ನೆಸ್ ರಾಜನ ಶವಪೆಟ್ಟಿಗೆ ಪೂರ್ತಿ ಬೆಳ್ಳಿಯದು. ಈಜಿಪ್ಟಿನಲ್ಲಿ ಚಿನ್ನ ಸಿಗುತ್ತಿತ್ತು, ಬೆಳ್ಳಿ ಹೊರಗಿನಿಂದ ಬರಬೇಕಿತ್ತು. ಹಾಗಾಗಿ ಅವರಿಗೆ ಬೆಳ್ಳಿಯೇ ಅಪರೂಪ. ಫ್ರೆಂಚ್ ಪುರಾತತ್ವಜ್ಞ ಪಿಯರ್ ಮೊಂಟೆ ಇದನ್ನು ತೆರೆದದ್ದು 1940ರಲ್ಲಿ. ಯುದ್ಧದ ಸುದ್ದಿಯ ಮಧ್ಯೆ ಇದನ್ನು ಕೇಳುವವರು ಯಾರು? ಇಲ್ಲೂ ಚಿನ್ನದ ಮುಖವಾಡವಿದೆ, ಮುಂದೆ ನೂಕುನುಗ್ಗಲಿಲ್ಲ. ಹತ್ತು ನಿಮಿಷ ಒಬ್ಬನೇ ನಿಂತಿದ್ದೆ. ಇಲ್ಲಿನ ಚಪ್ಪಲಿಯೂ ಚಿನ್ನದ್ದೇ. ಡೆಲ್ಟಾದ ಒದ್ದೆ ಮಣ್ಣಿನಲ್ಲಿ ಮರ, ಬಟ್ಟೆ ಎಲ್ಲ ಕೊಳೆತು, ಲೋಹ ಮತ್ತು ಕಲ್ಲು ಉಳಿದಿವೆ. ಟುಟಂಖಾಮನ್‌ನ ಲಿನನ್ ಕೈಗವಸು ಕೂಡ ಉಳಿದದ್ದು ಅವನ ಗೋರಿಯಿರುವ ಲಕ್ಸರ್‌ನ ಒಣ ನೆಲದ ಪುಣ್ಯ.

ಮಕ್ಕಳ ಜೊತೆ ಹೋಗುವವರಿಗೆ, ಒಂದೇ ದಿನ ಇರುವವರಿಗೆ ಗಿಜಾನೇ ಸರಿ. ರಥ, ಮಂಚ, ಆಟದ ಮಣೆ ಎಲ್ಲ ಇದ್ದು, ಒಬ್ಬ ಮನುಷ್ಯ ಬದುಕಿದ್ದು ಕಾಣುತ್ತದೆ. ಎರಡು ದಿನವಿದ್ದರೆ ತಹ್ರೀರ್ ಮೊದಲು ಮುಗಿಸಿ. ನಾನು ಹಿಂದಿನ ದಿನದ ಚಿನ್ನವನ್ನು ಕಣ್ಣಲ್ಲಿ ತುಂಬಿಕೊಂಡು ಹೋಗಿದ್ದೆ. ಆ ಬೆಳ್ಳಿ ಮೊದಲ ನೋಟಕ್ಕೆ, ವಿಭೂತಿ ಹಾಕಿ ಉಜ್ಜದೆ ಬಿಟ್ಟ ನಮ್ಮ ಮನೆಯ ದೀಪದ ಕಂಬದಂತೆ ಕಂಡಿತ್ತು.