ಆರು ವರ್ಷ ಆ್ಯಡ್ ಬ್ಲಾಕರ್ ಬಳಸಿದ ಮೇಲೆ: ಗಂಗಾವತಿಯ ಝೆರಾಕ್ಸ್ ಅಂಗಡಿಯಿಂದ ಒಂದು ವಿಮರ್ಶೆ

ನಾನು ಬರೆಯುತ್ತಿರುವುದು ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್ ಬ್ಲಾಕರ್, ಅಂದರೆ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವ ಸಾಧನದ ಕುರಿತು. 2019ರಿಂದ ಅಂಗಡಿಯ ಎರಡೂ ಕಂಪ್ಯೂಟರ್‌ಗಳಲ್ಲಿದೆ, ಆಮೇಲೆ ನನ್ನ ಮೊಬೈಲ್‌ಗೂ ಬಂತು. ದಿನಕ್ಕೆ ಹತ್ತು ಗಂಟೆ ದುಡಿಯುತ್ತದೆ. ಬೆಲೆ ಸೊನ್ನೆ. ಬರೀ ಸಾಧನವಾಗಿ ನೋಡಿದರೆ ಐದಕ್ಕೆ ಐದು ಅಂಕ ಕೊಟ್ಟು ಇಲ್ಲಿಗೇ ಮುಗಿಸಬಹುದಿತ್ತು. ಹಾಗೆ ಮುಗಿಸಲು ಬಿಡದವನು ನಮ್ಮ ಓಣಿಯ ಒಬ್ಬ ಹುಡುಗ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗಂಗಾವತಿಯಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ವಿದ್ಯಾರ್ಥಿವೇತನ, ಹಾಲ್ ಟಿಕೆಟ್ ಎಂದು ದಿನವಿಡೀ ಇದೇ ಕೆಲಸ. ಈ ಕಸುಬಿನವರಿಗೆ ಗೊತ್ತು, ಹೊತ್ತು ಹೋಗುವುದು ಅರ್ಜಿ ತುಂಬುವುದರಲ್ಲಲ್ಲ, ಫೋಟೊ ಕುಗ್ಗಿಸುವುದರಲ್ಲಿ. ಫೋಟೊ ಇಷ್ಟೇ ಕೆಬಿ ಇರಬೇಕು, ಸಹಿ ಅದಕ್ಕಿಂತ ಕಡಿಮೆ ಇರಬೇಕು ಎಂದು ಅರ್ಜಿ ಹಟ ಹಿಡಿಯುತ್ತದೆ. ಅದಕ್ಕೆ ನಾವು ಬಿಟ್ಟಿ ತಾಣಗಳನ್ನು ಹುಡುಕಿಕೊಂಡು ಹೋಗುತ್ತೇವೆ. ಅಲ್ಲಿ ನಿಜವಾದ ‘ಡೌನ್‌ಲೋಡ್’ ಗುಂಡಿ ಒಂದು. ಅದರ ಸುತ್ತ ಅದಕ್ಕಿಂತ ದೊಡ್ಡ, ಅದಕ್ಕಿಂತ ಹಸಿರು ಬಣ್ಣದ ಸುಳ್ಳು ಗುಂಡಿಗಳು ನಾಲ್ಕು. 2019ರಲ್ಲಿ ನನ್ನ ಸಹಾಯಕ ಅಂಥ ಒಂದು ಗುಂಡಿ ಒತ್ತಿದ. ಮರುದಿನ ಯಾವ ಪುಟ ತೆರೆದರೂ ಇನ್ನೇನೋ ತೆರೆಯತೊಡಗಿತು. ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಹೊರಗೆ ಬಿಸಿಲಲ್ಲಿ ಇಪ್ಪತ್ತು ಮಕ್ಕಳು ಸಾಲು ನಿಂತಿದ್ದಾರೆ. ಕಂಪ್ಯೂಟರ್ ರಿಪೇರಿಯವನು ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಎಂಟು ನೂರು ರೂಪಾಯಿ ತೆಗೆದುಕೊಂಡು ಹೋಗುವ ಮುಂಚೆ, ಕೇಳದಿದ್ದರೂ, ಈ ಬ್ಲಾಕರ್ ಹಾಕಿ ಹೋದ. ಆ ಎಂಟು ನೂರರಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಅದೊಂದೇ.

ಮೊದಲು ಕಂಡ ಬದಲಾವಣೆ ವೇಗ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಇಂಟರ್‌ನೆಟ್ ಮೊಬೈಲ್‌ನ ಹಾಟ್‌ಸ್ಪಾಟ್ ಮೇಲೆ ನಡೆಯುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸುದ್ದಿ ತಾಣವೊಂದನ್ನು ತೆರೆದರೆ ಬ್ಲಾಕರ್‌ನ ಪುಟ್ಟ ಗುರುತಿನ ಮೇಲಿನ ಅಂಕಿ ಹತ್ತು, ಇಪ್ಪತ್ತು, ನಲವತ್ತು ಎಂದು ಓಡುತ್ತದೆ. ತಡೆದ ಸಂಪರ್ಕಗಳ ಲೆಕ್ಕ ಅದು. ಓದಬೇಕೆಂದಿದ್ದ ಸುದ್ದಿ ನಾಲ್ಕು ಪ್ಯಾರಾ.

ಎರಡನೆಯದು ನನ್ನಂಥ ಅಂಗಡಿಯವರು ಮಾತ್ರ ಬಲ್ಲ ಸಂಗತಿ. ಒಂದೇ ಕಂಪ್ಯೂಟರ್‌ನ ಮುಂದೆ ದಿನಕ್ಕೆ ಅರವತ್ತು ಜನ ಕೂರುತ್ತಾರೆ. ಬ್ಲಾಕರ್ ಇಲ್ಲದ ದಿನಗಳಲ್ಲಿ ಒಬ್ಬ ಯಜಮಾನರು ತಮ್ಮ ಮೂಲವ್ಯಾಧಿಗೆ ಬೆಂಗಳೂರಿನ ಆಸ್ಪತ್ರೆ ಹುಡುಕಿಸಿಕೊಂಡು ಹೋದರು. ಅವರ ಬೆನ್ನಿಗೇ ಮಗಳ ಹಾಸ್ಟೆಲ್ ಅರ್ಜಿ ತುಂಬಿಸಲು ಬಂದ ತಾಯಿಯ ಮುಂದೆ ಪುಟದ ಎಡಕ್ಕೆ, ಬಲಕ್ಕೆ, ಕೆಳಗೆ ಮೂಲವ್ಯಾಧಿಯೇ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ರಾತ್ರಿ ಬಾಗಿಲು ಹಾಕುವಾಗ ಮಾತ್ರ ನಗು ಬರಲಿಲ್ಲ. ಇಂದು ಮೂಲವ್ಯಾಧಿ, ನಾಳೆ ಯಾರದೋ ಸಾಲ, ಯಾರದೋ ಗರ್ಭಪರೀಕ್ಷೆ. ಗೋಡೆಯ ಮೇಲಿನ ಸುಣ್ಣದ ಜಾಹೀರಾತು ತಾನು ಮಾತಾಡುತ್ತದೆ, ಅಷ್ಟೇ. ಇದು ನಾವು ಆಡಿದ್ದನ್ನು ಕದ್ದು ಕೇಳಿ, ಇನ್ನೊಬ್ಬರ ಮುಂದೆ ಹೇಳುತ್ತದೆ. ನಾವು ನೋಡಿದ್ದನ್ನು ಬೆನ್ನಟ್ಟಿ ಬರೆದಿಟ್ಟುಕೊಳ್ಳುವ ಈ ಹಿಂಬಾಲಕರನ್ನೂ (ಟ್ರ್ಯಾಕರ್) ಬ್ಲಾಕರ್ ತಡೆಯುತ್ತದೆ. ನನಗೆ ಇದೇ ಅದರ ದೊಡ್ಡ ಗುಣ. ಇದು ಬರೀ ಅನುಮಾನದವರ ಚಾಳಿ ಎಂದುಕೊಳ್ಳಬೇಡಿ. ಹೆಸರಾಂತ ಕಂಪನಿಗಳ ವೇಷ ಹಾಕಿ ಸರ್ಚ್ ಜಾಹೀರಾತುಗಳ ಮೂಲಕ ವಂಚಿಸುವವರು ಹೆಚ್ಚಿದ್ದಾರೆ, ಆ್ಯಡ್ ಬ್ಲಾಕರ್ ಬಳಸಿ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ತನ್ನ ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ಈ ಬ್ಲಾಕರನ್ನು 2014ರಲ್ಲಿ ಶುರು ಮಾಡಿದವರು ರೇಮಂಡ್ ಹಿಲ್ ಎಂಬ ಪ್ರೋಗ್ರಾಮರ್. ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ನೋಡಬಹುದು. ಸಾಧನ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಈಸಿಲಿಸ್ಟ್‌ನಂಥ ಪಟ್ಟಿಗಳಿವೆ; ಯಾವ ವಿಳಾಸ ಜಾಹೀರಾತಿನದು, ಯಾವುದು ಹಿಂಬಾಲಕನದು ಎಂದು ಬಿಡುವಿನ ವೇಳೆಯಲ್ಲಿ ಬರೆದಿಡುವವರ ಪಟ್ಟಿಗಳು. ಬ್ಲಾಕರ್ ಅವನ್ನು ನೋಡಿ ಬಾಗಿಲು ಹಾಕುತ್ತದೆ. ಹಿಲ್ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಕೊಡಲೇಬೇಕೆನಿಸಿದರೆ ಪಟ್ಟಿ ನೋಡಿಕೊಳ್ಳುವವರಿಗೆ ಕೊಡಿ ಎನ್ನುತ್ತಾರೆ. ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಹಳೆಯ ಬ್ಲಾಕರ್ ಇದೆ. ಅದರದು ಬೇರೆ ದಾರಿ. 2011ರಿಂದ ‘ಒಪ್ಪಬಹುದಾದ ಜಾಹೀರಾತು’ಗಳನ್ನು ಒಳಗೆ ಬಿಡುತ್ತದೆ, ಹಾಗೆ ಬಿಡಲು ದೊಡ್ಡ ಕಂಪನಿಗಳಿಂದ ಹಣ ಪಡೆಯುತ್ತದೆ. ಕಾವಲುಗಾರನೇ ಕೆಲವರಿಂದ ಕಾಸು ಪಡೆದು ಗೇಟು ತೆಗೆಯುವುದು ನನಗೆ ಒಗ್ಗದ ಮಾತು. ಯುಬ್ಲಾಕ್ ಹಾಕಿಕೊಳ್ಳುವವರು ಹೆಸರಿನ ಕೊನೆಗೆ ‘ಒರಿಜಿನ್’ ಇದೆಯೇ ಎಂದು ಮರೆಯದೆ ನೋಡಿ, ಹೋಲುವ ಹೆಸರಿನವು ಬೇರೆ ಇವೆ.

ತೊಂದರೆ ಇಲ್ಲವೇ? ಇದೆ. ಹುರುಪಿನಲ್ಲಿ ನಾನು ಸಿಕ್ಕ ಪಟ್ಟಿಗಳನ್ನೆಲ್ಲ ಸೇರಿಸಿಕೊಂಡಿದ್ದೆ. ಒಂದು ದಿನ ಪರೀಕ್ಷಾ ಶುಲ್ಕ ಕಟ್ಟುವಾಗ ಹಣ ಪಾವತಿಯ ಕಿಟಕಿ ತೆರೆಯಲೇ ಇಲ್ಲ. ಹೆಚ್ಚುವರಿ ಪಟ್ಟಿ ತೆಗೆದು ಹಾಕಿದ ಮೇಲೆ ತೆರೆಯಿತು. ತಪ್ಪು ನನ್ನದೇ. ಆ ತಾಣಕ್ಕೆ ಮಾತ್ರ ಬ್ಲಾಕರ್ ಬಂದ್ ಮಾಡಲು ಒಂದು ದೊಡ್ಡ ಗುಂಡಿ ಇದೆ, ಒಮ್ಮೆ ಒತ್ತಿದರೆ ಸಾಕು, ಆಯ್ಕೆ ನೆನಪಿಟ್ಟುಕೊಳ್ಳುತ್ತದೆ.

ಈ ಗುಂಡಿಯನ್ನು ಇನ್ನೊಂದು ಕಾರಣಕ್ಕೆ ಒತ್ತಬಹುದೆಂದು ನನಗೆ ಐದು ವರ್ಷ ಹೊಳೆದಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ (ಹೆಚ್ಚುವರಿ ನೀರನ್ನು ನದಿಗೆ ಬಿಡುವ ಗೇಟು) ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ಡ್ಯಾಮು ತುಂಬಿತ್ತು, ಎಡದಂಡೆ ಕಾಲುವೆಯ ಉದ್ದಕ್ಕೂ ನಾಟಿ ನಡೆದಿತ್ತು. ಒತ್ತಡ ತಗ್ಗಿಸಲು 33 ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಟ್ಟರು. ಆ ವಾರ ನನ್ನ ಅಂಗಡಿಯಲ್ಲಿ ಅರ್ಜಿ ತುಂಬಿಸಿದವರಿಗಿಂತ ಸುಮ್ಮನೆ ನಿಂತವರೇ ಹೆಚ್ಚು. ‘ತಮ್ಮಾ, ಎಷ್ಟು ಉಳಿಯಿತು ನೋಡು’ ಎನ್ನುವವರು. ದೊಡ್ಡ ವಾಹಿನಿಗಳಲ್ಲಿ ಒಂದೇ ದೃಶ್ಯ ತಿರುಗಿ ತಿರುಗಿ ಬರುತ್ತಿತ್ತು. ನಮ್ಮವರಿಗೆ ಬೇಕಾದದ್ದು ಕಾಲುವೆಗೆ ನೀರು ನಿಲ್ಲುತ್ತದೆಯೇ, ಯಾವ ಉಪಕಾಲುವೆಗೆ ಎಷ್ಟು ದಿನ ಎಂಬುದು. ಅದನ್ನು ಹೇಳುತ್ತಿದ್ದವನು ನಮ್ಮ ಓಣಿಯ ಹುಡುಗ. ಬೈಕಿನಲ್ಲಿ ಅಣೆಕಟ್ಟೆಯ ಬಳಿಯ ಮುನಿರಾಬಾದ್‌ಗೆ ಹೋಗಿ, ನೀರು ಬಿಡುವ ಕಡೆಯವರೆಗೆ ಹೋಗಿ, ಅಧಿಕಾರಿಗಳ ಮಾತು ರೈತರ ಭಾಷೆಗೆ ತಂದು ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ದಿನಕ್ಕೆ ಮೂರು ವಿಡಿಯೊ ಹಾಕುತ್ತಿದ್ದ. ನಾನು ಅವನ್ನೇ ಅಂಗಡಿಯ ದೊಡ್ಡ ಪರದೆಯಲ್ಲಿ ಹಾಕಿಟ್ಟಿದ್ದೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿ ಗೇಟಿನ ಬಾಯಿ ಮುಚ್ಚಿದ ದಿನ ಅಂಗಡಿಯ ಮುಂದೆ ಯಾರೋ ತೆಂಗಿನಕಾಯಿ ಒಡೆದರು.

ಅದಾದ ಕೆಲವು ದಿನಕ್ಕೆ ಹುಡುಗ ಪ್ಯಾನ್ ಕಾರ್ಡ್ ಝೆರಾಕ್ಸ್ ಮಾಡಿಸಲು ಬಂದ. ಇವನ ಬಗ್ಗೆ ಒಂದು ಮಾತು: ಚಾನೆಲ್‌ನ ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಯೂಟ್ಯೂಬ್‌ನ ಒಡೆಯ ಗೂಗಲ್ ಅಂಚೆಯಲ್ಲಿ ಪಿನ್ ಸಂಖ್ಯೆಯ ಪತ್ರ ಕಳಿಸುತ್ತದೆ. ಆ ಪತ್ರ ಪೋಸ್ಟ್‌ಮ್ಯಾನ್ ಕೈಯಿಂದ ಬಂದ ದಿನ ಇವನು ಅದನ್ನು ನನ್ನಲ್ಲಿಯೇ ಲ್ಯಾಮಿನೇಶನ್ ಮಾಡಿಸಿಕೊಂಡು ಹೋಗಿದ್ದ. ಈಗ ಪರದೆಯಲ್ಲಿ ತನ್ನದೇ ವಿಡಿಯೊ ಕಂಡು ಹಿಗ್ಗಿದ. ಆಮೇಲೆ ಮುಖ ಸಣ್ಣದಾಯಿತು.

‘ಕಾಕಾ, ಆ್ಯಡ್ ಯಾಕೆ ಬರಲಿಲ್ಲ?’

‘ಬ್ಲಾಕರ್ ಹಾಕಿದ್ದೇನಪ್ಪ.’

‘ವಾರವಿಡೀ ಹೀಗೇ ಹಾಕಿದ್ದಿರಾ?’

ನಾನು ಹೌದೆಂದೆ. ಅವನು ಬೇರೇನೂ ಹೇಳದೆ ಎರಡು ರೂಪಾಯಿ ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ಆ ಎರಡು ರೂಪಾಯಿ ಬಿಟ್ಟುಕೊಟ್ಟು ದೊಡ್ಡವನಾದೆ ಎಂದು ಒಂದು ಗಳಿಗೆ ಅನ್ನಿಸಿತು, ಅದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವನೇ ಕೂತು ಲೆಕ್ಕ ಹೇಳಿದ. ಚಾನೆಲ್‌ಗೆ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಆಗಬೇಕು. ಉದ್ದದ ವಿಡಿಯೊಗಳ ಜಾಹೀರಾತು ಹಣದಲ್ಲಿ ಶೇ 55 ವಿಡಿಯೊ ಮಾಡಿದವನಿಗೆ, ಉಳಿದದ್ದು ಯೂಟ್ಯೂಬ್‌ಗೆ. ಖಾತೆಯಲ್ಲಿ ನೂರು ಡಾಲರ್ ತುಂಬುವವರೆಗೆ ಬಿಡಿಗಾಸೂ ಬ್ಯಾಂಕಿಗೆ ಬರುವುದಿಲ್ಲ. ಅವನಿಗೆ ಆ ನೂರು ತುಂಬಲು ತಿಂಗಳುಗಳೇ ಬೇಕು. ನಡುವೆ ಒಂದು ರಮ್ಮಿ ಆ್ಯಪ್‌ನವರು ಅರ್ಧ ನಿಮಿಷ ನಮ್ಮ ಹೆಸರು ಹೇಳು ಎಂದು ಅದಕ್ಕಿಂತ ಹೆಚ್ಚಿನ ಹಣದ ಆಸೆ ತೋರಿಸಿದ್ದರಂತೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ್ದು 2025ರ ಆಗಸ್ಟ್‌ನಲ್ಲಿ. ಇದು ಅದಕ್ಕೂ ಮುಂಚಿನ ಮಾತು. ಅಪ್ಪ ಬೈದದ್ದಕ್ಕೆ ಬಿಟ್ಟನಂತೆ. ಅವನಷ್ಟೇ ಕಷ್ಟದಲ್ಲಿದ್ದು ಬೈಯುವ ಅಪ್ಪ ಇಲ್ಲದವರು ಬಿಟ್ಟಿರಲಿಕ್ಕಿಲ್ಲ. ಗಮನಿಸಿ, ವಿಡಿಯೊ ಮಾಡುವವನೇ ಬಾಯಲ್ಲಿ ಹೇಳುವ ಇಂಥ ಪ್ರಚಾರವನ್ನು ನನ್ನ ಬ್ಲಾಕರ್ ತಡೆಯುವುದಿಲ್ಲ. ನಾನು ಬಾಗಿಲಲ್ಲಿ ತಡೆದದ್ದು ಹಿತ್ತಲಿಂದ ಇನ್ನೂ ಕೆಟ್ಟ ರೂಪದಲ್ಲಿ ಒಳಗೆ ಬರುತ್ತದೆ.

ಹಾಗಾದರೆ ಬ್ಲಾಕರ್ ಬಳಸುವುದು ಕಳ್ಳತನವೇ? ನಾನು ಒಪ್ಪುವುದಿಲ್ಲ. ನನ್ನ ಕಂಪ್ಯೂಟರ್‌ನ ಒಳಗೆ ಏನು ಬರಬೇಕೆಂದು ಹೇಳುವ ಹಕ್ಕು ನನ್ನದು; ಜರ್ಮನಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ದೊಡ್ಡ ಪತ್ರಿಕಾ ಸಂಸ್ಥೆಯೊಂದು ಇಂಥ ಬ್ಲಾಕರ್ ಅನ್ಯಾಯದ ಪೈಪೋಟಿ ಎಂದು ವಾದಿಸಿ 2018ರಲ್ಲಿ ಸೋತಿತು. ಆದರೆ ಕಳ್ಳತನವಲ್ಲ ಎಂದ ಮಾತ್ರಕ್ಕೆ ಋಣವೂ ಇಲ್ಲ ಎಂದಾಗುವುದಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಹಳ್ಳಿಯಲ್ಲಿ ಕಂಬಾರ ವರ್ಷವಿಡೀ ಕುಡ, ಕುಡುಗೋಲು ಹಣಿದು ಕೊಡುತ್ತಿದ್ದ. ಯಾರೂ ದುಡ್ಡು ಕೊಡುತ್ತಿರಲಿಲ್ಲ. ರಾಶಿ ಮಾಡುವ ದಿನ ಕಣಕ್ಕೆ ಬಂದು ನಿಲ್ಲುತ್ತಿದ್ದ, ಅಪ್ಪ ಮೊರ ತುಂಬಿ ಆಯ ಅಳೆಯುತ್ತಿದ್ದರು. ಬಡಿಗೇರನಿಗೆ ಇಷ್ಟು, ಕುಂಬಾರನಿಗೆ ಇಷ್ಟು. ಇಂಟರ್‌ನೆಟ್ ಕಂಬಾರನಿಗೆ ಆಯ ಕೊಡುವುದನ್ನು ಸಾಬೂನಿನ ಕಂಪನಿಗೆ ಗುತ್ತಿಗೆ ಕೊಟ್ಟಿದೆ. ಕಂಪನಿ ಆಯ ಅಳೆಯುವ ನೆಪದಲ್ಲಿ ನಮ್ಮ ಮನೆಯ ಕೋಣೆಕೋಣೆಯನ್ನೂ ಇಣುಕಿ ಹೋಗುತ್ತದೆ. ಇಣುಕುವವನನ್ನು ಹೊರಗೆ ಹಾಕಿದ್ದು ಸರಿಯೇ. ಕಂಬಾರ ಇನ್ನೂ ಕಣದಲ್ಲಿ ನಿಂತಿದ್ದಾನೆ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.

ಅಂದ ಹಾಗೆ, ನನ್ನ ಅಂಗಡಿಯ ಬೋರ್ಡು ಬಿಟ್ಟಿ ಬಂದದ್ದು. ಮುಕ್ಕಾಲು ಭಾಗ ಒಂದು ಕೀಟನಾಶಕ ಕಂಪನಿಯ ಬಾಟಲಿ, ಮೂಲೆಯಲ್ಲಿ ನನ್ನ ಹೆಸರು. ಜಾಹೀರಾತಿನ ನೆರಳಲ್ಲೇ ಕೂತು ಜಾಹೀರಾತು ಬೇಡವೆನ್ನುವವನು ನಾನು!

ಈಗ ಮಾಡುತ್ತಿರುವುದು ಇಷ್ಟು. ನನ್ನ ಮೊಬೈಲ್‌ಗೆ ಯೂಟ್ಯೂಬ್ ಪ್ರೀಮಿಯಂ ತೆಗೆದುಕೊಂಡೆ. ತಿಂಗಳಿಗೆ 149 ರೂಪಾಯಿ ಎಂದರೆ ನನ್ನ ಲೆಕ್ಕದಲ್ಲಿ ಎಪ್ಪತ್ತೈದು ಪುಟ ಝೆರಾಕ್ಸ್. ಜಾಹೀರಾತು ಇರುವುದಿಲ್ಲ, ಆದರೂ ನೋಡಿದ ಹೊತ್ತಿಗೆ ತಕ್ಕಂತೆ ವಿಡಿಯೊ ಮಾಡಿದವರಿಗೆ ಪಾಲು ಹೋಗುತ್ತದೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಗಿರಾಕಿಗಳ ಆಧಾರ್, ಪಾಸ್‌ಬುಕ್ ಓಡಾಡುವುದರಿಂದ ಬ್ಲಾಕರ್ ಸದಾ ಇರಲೇಬೇಕು. ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ನಿಯತ್ತಾಗಿ ಕೆಲಸ ಮಾಡುವ, ಜಾಹೀರಾತನ್ನು ಬದಿಗೆ ಸುಮ್ಮನೆ ಕೂರಿಸುವ ತಾಣಗಳಿಗೆ ಆ ಗುಂಡಿ ಒತ್ತಿ ಬ್ಲಾಕರ್ ಬಂದ್ ಮಾಡಿದ್ದೇನೆ. ಹಾಗೆ ಹನ್ನೊಂದು ಹೆಸರು ಸೇರಿದ್ದವು: ಭತ್ತದ ದರ ಹೇಳುವ ಒಂದು ತಾಣ, ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಕೊಡುವ ಮೇಷ್ಟರೊಬ್ಬರದು, ಹುಡುಗನಿಗಾಗಿ ಯೂಟ್ಯೂಬ್, ಹೀಗೆ. ಹುಡುಗನಿಗೆ ನೇರವಾಗಿ ನೂರು ರೂಪಾಯಿ ಕಳಿಸಿದೆ. ಹತ್ತು ನಿಮಿಷದಲ್ಲಿ ವಾಪಸು ಬಂತು. ‘ಬೇಡ ಕಾಕಾ, ಪ್ರಿಂಟ್ ಹಾಕಿಕೊಡಿ ಸಾಕು’ ಎಂದ. ಹಾಗೇ ನಡೆಯುತ್ತಿದೆ. ಒಮ್ಮೆ ಅವನ ಮೊಬೈಲ್‌ನಲ್ಲಿ ಏನೋ ತೋರಿಸುವಾಗ ಜಾಹೀರಾತು ಬರಲಿಲ್ಲ. ಇದೇನು ಎಂದೆ. ‘ಬೇರೆಯವರ ವಿಡಿಯೊಗೆ ಕಾಕಾ’ ಎಂದು ತಲೆ ಕೆರೆದುಕೊಂಡ.

2025ರ ಮಾತು ಹೇಳಿ ನಿಲ್ಲಿಸುತ್ತೇನೆ. ಕ್ರೋಮ್ ಬ್ರೌಸರ್ ತನ್ನ ವಿಸ್ತರಣೆಗಳ (ಬ್ಲಾಕರ್‌ನಂಥ ಸೇರಿಸಿಕೊಳ್ಳುವ ಸಾಧನಗಳ) ನಿಯಮ ಬದಲಿಸಿದ್ದರಿಂದ ಅದರಲ್ಲಿ ಯುಬ್ಲಾಕ್ ಒರಿಜಿನ್ ಕೆಲಸ ನಿಲ್ಲಿಸಿತು. ‘ಲೈಟ್’ ಎಂಬ ಹಗುರ ಆವೃತ್ತಿ ಇದೆ, ಮಟ್ಟಸವಾಗಿದೆ, ಶಕ್ತಿ ಕಡಿಮೆ. ಪೂರ್ಣ ಆವೃತ್ತಿ ಬೇಕೆಂದು ನಾನು ಎರಡೂ ಕಂಪ್ಯೂಟರ್‌ಗಳನ್ನು ಫೈರ್‌ಫಾಕ್ಸ್ ಎಂಬ ಬೇರೆ ಬ್ರೌಸರ್‌ಗೆ ತಂದೆ. ಸೆಟ್ಟಿಂಗ್ಸ್ ಒಳಗೆ ಎಲ್ಲವನ್ನೂ ಒಂದು ಕಡತಕ್ಕೆ ಉಳಿಸಿಕೊಳ್ಳುವ ಅನುಕೂಲ ಇದೆ, ನೀವು ಮೊದಲು ಅದನ್ನು ಮಾಡಿ. ನಾನು ಮಾಡಲಿಲ್ಲ, ಹಳೆಯದನ್ನು ಅಳಿಸಿಬಿಟ್ಟೆ. ಹೊಸದರಲ್ಲಿ ಕೂತು, ಯಾರ್‍ಯಾರಿಗೆ ಬ್ಲಾಕರ್ ಬಂದ್ ಮಾಡಿದ್ದೆ ಎಂದು ಪೆನ್ನು ಹಿಡಿದು ನೆನಪು ಮಾಡಿಕೊಂಡೆ. ಹನ್ನೊಂದರಲ್ಲಿ ನೆನಪಾದವು ನಾಲ್ಕು. ಆ ನಾಲ್ಕರಲ್ಲಿ ಒಬ್ಬ ಈ ಹುಡುಗ, ಅದೂ ಅವತ್ತು ಪ್ರಿಂಟ್‌ಗೆಂದು ಎದುರಿಗೇ ನಿಂತಿದ್ದ.