ಸೆಮಿನಾರಿನ ನಡುಕಕ್ಕೆ ಏನೇನು ಮಾಡಿ ನೋಡಿದೆ: ಬಾಯಿಪಾಠ, ಉಸಿರು, ಮಾತ್ರೆ, ಅಜ್ಜಿ

ಮಡಿಕೇರಿಯಲ್ಲಿ ಡಿಗ್ರಿ ಓದುವಾಗ ಮೊದಲ ಸೆಮಿನಾರಿನ ದಿನ ನನ್ನ ಕೈಯ ಹಾಳೆ ಮೈಕಿಗೆ ತಾಗಿ ಪಟಪಟ ಅಂದಿತ್ತು. ಹಿಂದಿನ ಬೆಂಚಿನವರಿಗೆ ನನ್ನ ಮಾತಿಗಿಂತ ಆ ಸದ್ದೇ ಚೆನ್ನಾಗಿ ಕೇಳಿಸಿತಂತೆ. ವಿಷಯ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು. ಕುಸಿದವನು ಮಾತ್ರ ನಾನು.

ಆ ದಿನ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ತೋಟದಲ್ಲಿ ಕಾಫಿ ಗಿಡಗಳಿಗೆ ಎಂಟು ಪುಟ ಒಪ್ಪಿಸಿದ್ದೆ, ಒಂದು ಅಕ್ಷರ ತಪ್ಪಿರಲಿಲ್ಲ. ಗಿಡಗಳು ಮುಖ ನೋಡುವುದಿಲ್ಲವಲ್ಲ. ಕ್ಲಾಸಿನಲ್ಲಿ ಒಂದು ಪದ ಜಾರಿದ್ದೇ ತಡ, ಮುಂದಿನದೆಲ್ಲ ಮಾಯ. ಈಗ ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ.

ಉಸಿರಾಟ ಇದಕ್ಕಿಂತ ಎಷ್ಟೋ ಮೇಲು, ಆದರೆ ಮೊದಲು ಅದನ್ನೂ ಕೆಡಿಸಿದೆ. ಭರ್ರನೆ ದೀರ್ಘ ಉಸಿರು ಎಳೆದೆಳೆದು ತಲೆ ಸುತ್ತಿ, ಬೆರಳು ಜುಮ್ಮೆಂದವು. ಹಾಗೆ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದುಬಿಡುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಎಳೆದು ಆರೇಳು ಎಣಿಸುತ್ತ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ಮಾತು ಮಾತ್ರ ಅದರಿಂದ ಹುಟ್ಟುವುದಿಲ್ಲ.

ಸೀನಿಯರ್ ಒಬ್ಬರು ಪ್ರೊಪ್ರನಲಾಲ್ ಮಾತ್ರೆ ಕೊಡಲು ಬಂದರು. ಅದು ಭಯವಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಹೃದಯಕ್ಕೆ ನಾಟದಂತೆ ತಡೆದು ನಡುಕ ಇಳಿಸುತ್ತದೆ, ನಿಜ. ನನಗೆ ಚಿಕ್ಕಂದಿನಿಂದ ಅಸ್ತಮಾ. ಅಸ್ತಮಾ ಇದ್ದವರಿಗೆ ಅದು ಶ್ವಾಸನಾಳ ಬಿಗಿಯಬಹುದು, ಮುಟ್ಟಬೇಡ ಎಂದರು ಡಾಕ್ಟರು. ಹಾಗಾಗಿ ಅದಕ್ಕೆ ಅಂಕ ಕೊಡಲಾರೆ.

'ಭಯವಲ್ಲ, ಹುರುಪು' ಎಂದು ತನಗೆ ತಾನೇ ಹೇಳಿಕೊಂಡವರು ಭಾಷಣ ಚೆನ್ನಾಗಿ ಮಾಡಿದರೆಂದು ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಸಣ್ಣ ಅಳುಕಿಗೆ ನನಗೂ ಒದಗಿತು. ಬಾಯಿ ಒಣಗಿ ಕಣ್ಣು ಮಂಜಾದಾಗ ಮಾತ್ರ ತಮಾಷೆಯಂತೆ ಕೇಳಿಸಿತು.

ಕೊನೆಗೆ ಗೆದ್ದದ್ದು ಅಡುಗೆಮನೆಯ ಸಭೆ. ಅಮ್ಮ, ದೊಡ್ಡಮ್ಮ, ಒಲೆ ಮುಂದೆ ಅಜ್ಜಿ. ಎರಡು ನಿಮಿಷ ಆಗಿರಲಿಲ್ಲ, ಅಜ್ಜಿ ತಡೆದರು: "ಏಯ್ ತಡಿ, ಮೊದ್ಲು ಬಂದದ್ದು ಮಣ್ಣಾ, ನೀರಾ?" ಪಾಠ ಮರೆತೇಹೋಯಿತು. ಗುಡ್ಡ ನೀರು ಕುಡಿದು ತೂಕ ಹೆಚ್ಚಿ, ಮಣ್ಣಿನ ಹಿಡಿತ ಸಡಿಲಾಗಿ ಜಾರುವುದನ್ನು ಕೈ ಆಡಿಸುತ್ತ ಹೇಳಿದೆ. ಹೇಳುತ್ತ ಹೇಳುತ್ತ ಕೈ ನಡುಗುವುದು ನಿಂತದ್ದು ಗೊತ್ತಾಗಲೇ ಇಲ್ಲ. ಆಮೇಲೆ ಹಾಸ್ಟೆಲ್ ರೂಮಿನಲ್ಲಿ ಐವರ ಮುಂದೆ, ಮೆಸ್ಸಿನಲ್ಲಿ ಹದಿನೈದು ಜನರ ಮುಂದೆ. ಪ್ರತಿ ಸಲವೂ ನಡುಕ ಬಂತು; ಓಡದೆ ನಿಂತರೆ ಕೆಲವು ನಿಮಿಷಕ್ಕೆ ತಾನೇ ಇಳಿಯಿತು. ಒಬ್ಬನೇ ತೋಟದಲ್ಲಿ ನೂರು ಸಲ ಹೇಳಿದರೂ ಇದು ಕಲಿಯಲಾಗದು, ಅಲ್ಲಿ ನಡುಕವೇ ಬರುವುದಿಲ್ಲ.

ಬೆಲ್ಲದ ಕಾಫಿಯ ಮಾತು ಬೇರೆ. ಸೆಮಿನಾರಿಗೆ ಮುಂಚೆ ಎರಡು ಲೋಟ ಇಳಿಸಿದರೆ ಕೆಫೀನಿನ ಎದೆಬಡಿತವೂ ಭಯದ ಎದೆಬಡಿತವೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೊಡಗಿನ ಮನೆಯಲ್ಲಿ "ಇವತ್ತು ಕಾಫಿ ಬೇಡ" ಅಂದರೆ ಜ್ವರವಾ ಎಂದು ಹಣೆ ಮುಟ್ಟಿ ನೋಡುತ್ತಾರೆ, ಅದೊಂದೇ ಕಷ್ಟ.

ಭಯಕ್ಕೆ ಕ್ಲಾಸೇ ತಪ್ಪಿಸುವಂತಾದರೆ ಇವೆಲ್ಲ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಬಹುದು.

ಹಾಳೆಯ ಗೋಳಿಗೆ ದೊಡ್ಡಮ್ಮನೇ ದಾರಿ ತೋರಿಸಿದರು. ಹಳೇ ಮದುವೆ ಕಾಗದಗಳ ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ದಪ್ಪ ರಟ್ಟು, ಕೈ ನಡುಗಿದರೂ ಸದ್ದು ಮಾಡುವುದಿಲ್ಲ.