ಮ್ಯಾಕ್‌ಬೆತ್ ಆರಿಸಬೇಕಾ, ಡಾಕ್ಟರ್ ಫಾಸ್ಟಸ್ ಆರಿಸಬೇಕಾ?

ನಾಟಕದ ಮೇಲಿನ ಪ್ರಬಂಧದಲ್ಲಿ ಪಾತ್ರ ಹೇಗೆ ಬದಲಾಗುತ್ತದೆ ಅಂತ ಬರೆಯಬೇಕಿದ್ದರೆ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಹಿಡಿಯಿರಿ. ಮೊದಲ ಸಲ ಬರೆಯುವವರಿಗೆ ನನ್ನ ಮತ ಇದಕ್ಕೇ. ಗಂಡ ಮ್ಯಾಕ್‌ಬೆತ್ ರಾಜನನ್ನು ಕೊಂದ ರಾತ್ರಿ ಲೇಡಿ ಮ್ಯಾಕ್‌ಬೆತ್, ಸ್ವಲ್ಪ ನೀರಿದ್ದರೆ ಸಾಕು, ಎಲ್ಲ ತೊಳೆದುಹೋಗುತ್ತದೆ ಎನ್ನುತ್ತಾಳೆ. ಐದನೇ ಅಂಕದಲ್ಲಿ ಅದೇ ಹೆಂಗಸು ನಿದ್ದೆಯಲ್ಲಿ ನಡೆಯುತ್ತಾ, ಕೈಯಲ್ಲಿ ಇಲ್ಲದ ರಕ್ತದ ಕಲೆಯನ್ನು ಉಜ್ಜುತ್ತಲೇ ಇರುತ್ತಾಳೆ. ಈ ಎರಡು ದೃಶ್ಯಗಳನ್ನು ಒಟ್ಟಿಗೆ ಓದಿ, ಅರ್ಧ ಪ್ರಬಂಧ ಸಿಕ್ಕಂತೆ. ಗಂಡನದು ಉಲ್ಟಾ: ಮೊದಲು ಹೆದರುತ್ತಾನೆ, ಆಮೇಲೆ ಕಲ್ಲಾಗುತ್ತಾನೆ.

ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ನಲ್ಲಿ ವಸ್ತುವೇ ಜಾಸ್ತಿ ತೂಕದ್ದು: 24 ವರ್ಷಗಳ ಸುಖ, ಶಕ್ತಿಗಾಗಿ ಸೈತಾನನಿಗೆ ಆತ್ಮವನ್ನೇ ಮಾರಿದ ಪಂಡಿತ. ನಡುವಿನ ತಮಾಷೆ ದೃಶ್ಯಗಳು ಸಡಿಲ, ನಿಜ. ಆದರೆ ಗಡುವು ಮುಗಿಯುವ ಕೊನೆಯ ರಾತ್ರಿ, ಗಡಿಯಾರ ಹನ್ನೊಂದು ಹೊಡೆದ ಮೇಲಿನ ಆ ಒಂದು ಗಂಟೆ! ಇದಕ್ಕೆ 1604 ಮತ್ತು 1616ರ ಎರಡು ಬೇರೆ ಬೇರೆ ಮುದ್ರಿತ ರೂಪಗಳಿವೆ. ಯಾವುದೆಂದು ನೋಡಿಕೊಂಡೇ ಪುಸ್ತಕ ತಗೊಳ್ಳಿ.